ಗರ್ಭನಷ್ಟದ ಮೇಲೆ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ: ಸಿನಾಪ್ಸಿಸ್ ಹೀಗಿದ್ದರೆ ನಡೆಯುತ್ತದಾ?

ಬಿಸಿಲೂರು ಕೇಳಿದ್ದು:
ಎಂಎ ಸಮಾಜಶಾಸ್ತ್ರ ಆಗಿದೆ, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಇದೆ. ಕ್ಷೇತ್ರ ರಾಯಚೂರು ಜಿಲ್ಲೆ. ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ರೂಪುರೇಷೆ) "ಗರ್ಭಪಾತ ಹಾಗೂ ನಿರ್ಜೀವ ಜನನ ಅನುಭವಿಸಿದ 100 ಮಹಿಳೆಯರ ಸಮೀಕ್ಷೆ" ಅಂತ ಬರೆದಿದ್ದೇನೆ. ಗೈಡ್ ಅವರದ್ದು ಗ್ರಾಮೀಣ ಸಮಾಜಶಾಸ್ತ್ರ. ನೈತಿಕ ಸಮಿತಿಯ ಅನುಮತಿ ಬೇಕಾ? ಮುಂದೆ ಕೆಲಸಕ್ಕೆ ಆಗುವ ವಿಷಯವಾ?

ಕ್ಷೇತ್ರಟಿಪ್ಪಣಿ:
100 ಜನರ ಸಮೀಕ್ಷೆ ಬಿಡಿ. ಪ್ರಶ್ನಾವಳಿ ಹಿಡಿದು ಹೋದರೆ "ಹೌದ್ರಿ, ಬೇಜಾರಾಗಿತ್ತು" ಅನ್ನುವುದು ನೂರು ಸಲ ಬರುತ್ತದೆ, ಅಷ್ಟೇ. 25 ಹೆಂಗಸರು, ಒಬ್ಬೊಬ್ಬರ ಹತ್ತಿರ ಎರಡು ಸಲ ಮಾತು, ಸಾಕು. ಒಂದು ಗಂಟೆಯ ಆಡಿಯೋ ಬರಹಕ್ಕಿಳಿಸಲು ಆರೇಳು ಗಂಟೆ ಹಿಡಿಯುತ್ತದೆ. 50 ಗಂಟೆ ರೆಕಾರ್ಡಿಂಗ್ ಆದರೆ ಎರಡು ತಿಂಗಳು ಅದಕ್ಕೇ ಹೋಗುತ್ತದೆ.

ಅದಕ್ಕೂ ಮೊದಲು ಯಾವ ನಷ್ಟ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. "ಅಬಾರ್ಷನ್ ಆಗೇತ್ರಿ" ಅಂದರೆ ತಾನಾಗಿ ಹೋದದ್ದೂ ಇರಬಹುದು, ತೆಗೆಸಿದ್ದೂ ಇರಬಹುದು. ದವಾಖಾನೆಯ ಬರಹವೂ ಇದನ್ನು ಬಿಡಿಸಿ ಹೇಳುವುದಿಲ್ಲ. ತಾಯಿ ಕಾರ್ಡಿನಲ್ಲಿ "ಜಿ3 ಪಿ1 ಎಲ್0 ಎ1" ಅಂತಿದೆ ಅನ್ನಿ. ಇದು ಮೂರನೇ ಬಸಿರು, ಹಿಂದೆ ಒಂದು ಹೆರಿಗೆ, ಬದುಕಿರುವ ಮಕ್ಕಳಿಲ್ಲ, ಒಂದು ಅಬಾರ್ಷನ್. ಆ "ಎ" ತಾನಾಗಿ ಆದದ್ದೋ ಮಾಡಿಸಿದ್ದೋ ಗೊತ್ತಾಗದು. "ಪಿ1 ಎಲ್0" ಅಂದರೆ ಕೂಸು ಹೊಟ್ಟೆಯಲ್ಲೇ ತೀರಿತೋ, ಹುಟ್ಟಿ ಹತ್ತು ದಿನಕ್ಕೆ ಹೋಯಿತೋ, ಅದೂ ಇಲ್ಲ. ಒಂದು ಅಧ್ಯಾಯಕ್ಕಾಗುವ ಸರಕು ಈ ಒಂದು ಸಾಲಿನಲ್ಲೇ ಇದೆ.

ಕಾನೂನಿನ ಗೆರೆಗಳೂ ಒಂದಕ್ಕೊಂದು ಕೂಡುವುದಿಲ್ಲ. ಎಂಟಿಪಿ ಕಾಯ್ದೆ (ವೈದ್ಯಕೀಯ ಗರ್ಭಪಾತದ ಕಾನೂನು) 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಗರ್ಭ ತೆಗೆಸಲು ಅವಕಾಶ ಕೊಡುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ 26ನೇ ವಾರದವರೆಗೆ ಹೋದದ್ದನ್ನು ಗರ್ಭಪಾತ ಅಂತ ಕರೆದು ಆರು ವಾರ ರಜೆ ಇಟ್ಟಿತು. ಜನನ ಮರಣ ನೋಂದಣಿಯಲ್ಲಿ 28 ವಾರ ತುಂಬಿದ್ದರೆ ಮಾತ್ರ ನಿರ್ಜೀವ ಜನನ, ಅದಕ್ಕೆ ನಮೂನೆ 3. ಹಾಗಾದರೆ 27ನೇ ವಾರದಲ್ಲಿ ಹೋದ ಕೂಸು ರಜೆಯ ಲೆಕ್ಕಕ್ಕೆ ಹೆರಿಗೆ, ನೋಂದಣಿಯ ಲೆಕ್ಕಕ್ಕೆ ಏನೂ ಅಲ್ಲ.

ಹೆಂಗಸರು ವಾರ ಎಣಿಸುವುದಿಲ್ಲ, "ಏಳರಾಗ ಬಿದ್ದಿತ್ರಿ" ಅನ್ನುತ್ತಾರೆ. 28 ವಾರ ಅಂದರೆ 196 ದಿನ, ಸುಮಾರು ಆರೂವರೆ ತಿಂಗಳು; ಗೆರೆ ಸರಿಯಾಗಿ ಅಲ್ಲೇ ಹಾದುಹೋಗುತ್ತದೆ. ಮುಟ್ಟು ನಿಂತದ್ದು ಯಾವ ಹಬ್ಬದ ಆಸುಪಾಸು, ಕುಬಸ (ಸೀಮಂತ) ಆಗಿತ್ತೋ, ಸ್ಕ್ಯಾನಿಂಗ್ ಚೀಟಿ ಉಳಿದಿದೆಯೋ ಅಂತ ಕೇಳಿ. ಕುಬಸ ಐದರಲ್ಲೂ ಮಾಡುತ್ತಾರೆ, ಏಳರಲ್ಲೂ ಮಾಡುತ್ತಾರೆ. ಅದೊಂದನ್ನೇ ನಂಬಬೇಡಿ.

ಹಸಿರುಶಾಯಿ:
ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಆರೋಗ್ಯದ ಮೇಲಿನ ಸಮಾಜವಿಜ್ಞಾನ ಸಂಶೋಧನೆಯೂ ಸೇರಿದೆ. ನಿಮ್ಮಲ್ಲಿ ಸಮಿತಿ ಇಲ್ಲದಿದ್ದರೆ ಬೇರೆ ಸಂಸ್ಥೆಯ ಸಮಿತಿಯನ್ನು ಒಪ್ಪಂದದ ಮೇಲೆ ಬಳಸಬಹುದು. ಸರ್ಕಾರಿ ಆಸ್ಪತ್ರೆಯ ರಿಜಿಸ್ಟರ್ ನೋಡಲು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಪತ್ರ ಬೇರೆಯೇ ಬೇಕು. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಒಂದೇ ಕಡೆ: ಮಾತಿನ ನಡುವೆ ಆಕೆ ಕುಸಿದರೆ ಏನು ಮಾಡುತ್ತೀರಿ ಅನ್ನುವಲ್ಲಿ "ಸಾಂತ್ವನ ಹೇಳಲಾಗುವುದು" ಅಂತ ಬರೆದಿರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಜೊತೆ ಮೊದಲೇ ಮಾತಾಡಿ, ಯಾರ ಬಳಿ ಕಳಿಸುತ್ತೀರಿ ಅಂತ ಬರೆಯಿರಿ. ಮಾಹಿತಿ ಪತ್ರದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇರಲಿ.

ತುಂಬ ಜನ ಮರೆಯುವುದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ. 18 ತುಂಬದವಳ ಬಸಿರು ಗೊತ್ತಾದರೆ ಪೊಲೀಸರಿಗೆ ತಿಳಿಸುವ ಹೊಣೆ 2012ರ ಕಾಯ್ದೆಯ 19ನೇ ಕಲಮಿನಲ್ಲಿ ಯಾರ ಮೇಲಾದರೂ ಬೀಳುತ್ತದೆ, ಸಂಶೋಧಕರಿಗೆ ವಿನಾಯಿತಿ ಇಲ್ಲ. 18 ದಾಟಿದವರನ್ನೇ ಆರಿಸಿಕೊಂಡರೂ, 22ರವಳು "ಹದಿನಾರಕ್ಕ ಮೊದಲನೇದು ಹೋತು" ಅನ್ನಬಹುದು. ಆಗ ಏನು ಮಾಡುವುದು ಅನ್ನುವುದನ್ನು ಸಮಿತಿಯಿಂದ ಬರಹದಲ್ಲಿ ಪಡೆಯಿರಿ. ಪೂರ್ತಿ ಗೋಪ್ಯ ಅಂತ ಯಾರಿಗೂ ಮಾತು ಕೊಡಬೇಡಿ. ಮಿತಿ ಏನು ಅಂತ ಒಪ್ಪಿಗೆ ಓದುವಾಗಲೇ ಹೇಳಿ.

ಬಿಸಿಲೂರು:
ಆಶಾ ಅಕ್ಕನ ಜೊತೆ ಮನೆಗೆ ಹೋದರೆ ಸುಲಭ ಅಲ್ವಾ?

ಕ್ಷೇತ್ರಟಿಪ್ಪಣಿ:
ಬಾಗಿಲವರೆಗೆ ಬರಲಿ, ಒಳಗೆ ಬೇಡ. ಅವರು ಕೂತರೆ ನಿಮ್ಮದು ಸರ್ಕಾರಿ ಲೆಕ್ಕ ಆಗಿಬಿಡುತ್ತದೆ. ಗುಳಿಗಿ ನುಂಗೀನಿ, ತಪಾಸಣೆಗೆ ಹೋಗೀನಿ ಅಂತ ಪಾಠ ಒಪ್ಪಿಸುತ್ತಾರೆ. ಅತ್ತೆಯ ಜೊತೆ ಮೊದಲು ಬೇರೆಯಾಗಿ ಮಾತಾಡಿ ಮುಗಿಸಿ, ಇಲ್ಲದಿದ್ದರೆ ಸೊಸೆಯ ಉತ್ತರ ಅವರೇ ಹೇಳುತ್ತಾರೆ.

ಆಸ್ಪತ್ರೆ ರಿಜಿಸ್ಟರಿನ ವಿಳಾಸ ಹಿಡಿದು ಹೋದವರಿಗೆ ಮನೆಯಲ್ಲಿ ಆಕೆ ಸಿಗುವುದಿಲ್ಲ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿರುತ್ತಾಳೆ, ಬರೆದಿರುವುದು ಗಂಡನ ಊರು. ಕೆಲವೊಮ್ಮೆ ಇದರ ಉಲ್ಟಾ. ಎರಡೂ ಊರು ಗುರುತು ಮಾಡಿಕೊಳ್ಳಿ. ನಷ್ಟ ಆಗಿ ಕನಿಷ್ಠ ಆರು ತಿಂಗಳು ಕಳೆದಿರಲಿ. ಆಕೆ ಮತ್ತೆ ಬಸಿರಿದ್ದರೆ ಆ ಹೆರಿಗೆ ಆಗುವವರೆಗೆ ಹೋಗಲೇಬೇಡಿ.

"ಹೇಗನಿಸಿತು" ಅಂತ ಕೇಳಿದರೆ "ಹಣೇಬರಾರೀ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಆದದ್ದನ್ನು ಕೇಳಿ: ಕೂಸನ್ನು ತೋರಿಸಿದರಾ? ಯಾರು ಒಯ್ದು ಮಣ್ಣು ಮಾಡಿದರು, ಎಲ್ಲಿ? ಎದೆಗೆ ಹಾಲು ಬಂದಾಗ ಏನು ಮಾಡಿದಿರಿ? ಬಾಣಂತನ ಮಾಡಿದರಾ? ಹೊಲಿಸಿಟ್ಟಿದ್ದ ಕುಂಚಿಗೆ ಈಗ ಎಲ್ಲಿದೆ? ಹಾಲಿನ ಪ್ರಶ್ನೆಯನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ.

ಅರ್ಧವಿರಾಮ:
ಕೆಲಸದ ಬಗ್ಗೆ. ವಿಭಾಗಗಳಲ್ಲಿ ಹುದ್ದೆ ಕರೆಯುವುದು "ಸಮಾಜಶಾಸ್ತ್ರ" ಅಂತ, ಹಾಗಾಗಿ ಪ್ರಬಂಧದ ಶೀರ್ಷಿಕೆಯಲ್ಲಿ "ಆರೋಗ್ಯದ ಸಮಾಜಶಾಸ್ತ್ರ" ಕಾಣುವಂತಿರಲಿ. ಜೆಎನ್‌ಯುನ ಸಾಮಾಜಿಕ ವೈದ್ಯಶಾಸ್ತ್ರ ಕೇಂದ್ರ, ಮುಂಬಯಿಯ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ), ತಿರುವನಂತಪುರದ ಅಚ್ಯುತ ಮೇನೋನ್ ಕೇಂದ್ರ, ಇವೆಲ್ಲ ಈ ಬಗೆಯ ಕೆಲಸ ಗೊತ್ತಿರುವ ಜಾಗಗಳು. ಸಮುದಾಯ ವೈದ್ಯಶಾಸ್ತ್ರದವರೊಬ್ಬರನ್ನು ಸಹ-ಗೈಡ್ ಮಾಡಿಕೊಳ್ಳಿ, ಆಸ್ಪತ್ರೆ ಬಾಗಿಲು ತೆರೆಯುವುದು ಅವರಿಂದ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಸಿಗುತ್ತದೆ. ಅನುಮತಿಗಳಿಗೇ ಮೊದಲ ವರ್ಷ ಹೋಗುತ್ತದೆ ಅಂದುಕೊಂಡು ಹೊರಡಿ.

ಕೆನ್ನೆತ್ ಡೋಕಾ 1989ರಲ್ಲಿ ಹೇಳಿದ, ಸಮಾಜ ಒಪ್ಪದ ದುಃಖ ಅನ್ನುವ ಪರಿಕಲ್ಪನೆಯನ್ನು ಎಲ್ಲರೂ ಅಂಟಿಸುತ್ತಾರೆ. ರಾಯಚೂರಿನಲ್ಲಿ ಬಾಣಂತನ ಮಾಡಿದ್ದರೆ, ಅಲ್ಲಿ ಏನನ್ನು ಒಪ್ಪಿದರು, ಏನನ್ನು ಒಪ್ಪಲಿಲ್ಲ ಅಂತ ಮೊದಲು ಬಿಡಿಸಿ. ಇನ್ನೊಂದು, 200 ಮನೆಯ ಊರಿನಲ್ಲಿ ಹೆಸರು ಬದಲಿಸಿದರೆ ಗುರುತು ಮುಚ್ಚುವುದಿಲ್ಲ. ತಾಲ್ಲೂಕು, ತಿಂಗಳು, ಎಷ್ಟನೇ ಬಸಿರು, ಇವುಗಳಲ್ಲಿ ಎರಡನ್ನಾದರೂ ಪ್ರಬಂಧದಿಂದ ಕೈಬಿಡಿ.