ಅಪ್‌ಡೇಟ್: ತುಕ್ಕು ಹಿಡಿದಿದ್ದ ಬೀಡಿನ ಕಾವಲಿ ಸರಿಯಾಯಿತು

ಮಡಿಕೇರಿಯ ಮಳೆಗಾಲದಲ್ಲಿ ತುಕ್ಕು ಹಿಡಿದ 10 ಇಂಚಿನ ಬೀಡಿನ (ಎರಕದ ಕಬ್ಬಿಣದ) ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸಿದರೂ ಅಂಟಂಟಾಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಣ್ಣೆಯ ಪ್ರಮಾಣದಲ್ಲೇ ತಪ್ಪಿತ್ತು.

ಮೊದಲು ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ನಾರಿನಿಂದ ಉಜ್ಜಿದೆ. ರಾತ್ರಿಯಿಡೀ ಬಿಡಬೇಡಿ, ಆಮ್ಲ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಬೇಕು. ಇಲ್ಲಿನ ತೇವಕ್ಕೆ ಹತ್ತೇ ನಿಮಿಷದಲ್ಲಿ ಕೆಂಪು ಪುಡಿ ಮತ್ತೆ ಏಳುತ್ತದೆ.

ನಂತರ ಬೆಚ್ಚಗಿರುವಾಗಲೇ ಅರ್ಧ ಟೀ ಚಮಚ ಸೂರ್ಯಕಾಂತಿ ಎಣ್ಣೆ ಸವರಿ, ಒಣ ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಎಣ್ಣೆಯೇ ಉಳಿದಿಲ್ಲವೇನೋ ಅನ್ನಿಸಬೇಕು, ಉಳಿದದ್ದು ಅಷ್ಟೇ ಸಾಕು. ದಪ್ಪವಾಗಿ ಬಿಟ್ಟರೆ ಮೇಲೆ ಮಾತ್ರ ಗಟ್ಟಿಯಾಗಿ ಒಳಗೆ ಜಿಗುಟಾಗುತ್ತದೆ. ಕಿಟಕಿ ತೆರೆದು, ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ. ಗ್ಯಾಸಿನ ಉರಿ ನಡುವಿಗೇ ತಾಗುವುದರಿಂದ ಕಾವಲಿಯನ್ನು ಆಗಾಗ ಸರಿಸಿ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಕಂದು ಬಣ್ಣ ಹೋಗಿ ಕಪ್ಪು ಹೊಳಪು ಬಂತು. ತೆಂಗಿನೆಣ್ಣೆ ಈ ಕೆಲಸಕ್ಕೆ ಆಗದು, ಅದು ಗಟ್ಟಿ ಪದರವಾಗುವುದು ಕಡಿಮೆ.

ಈಗ ಅಕ್ಕಿ ಒಟ್ಟಿ ಅಂಚಿನಿಂದ ತಾನೇ ಬಿಟ್ಟುಕೊಳ್ಳುತ್ತಿದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕುವ ಪಂದಿ ಕರಿಯನ್ನು (ಹಂದಿ ಮಾಂಸದ ಪದಾರ್ಥ) ಮಾತ್ರ ಬೀಡಿನ ಪಾತ್ರೆಯಲ್ಲಿ ಮಾಡಬೇಡಿ. ಆ ಹುಳಿಯು ಎಣ್ಣೆಯ ಪದರವನ್ನು ಕಿತ್ತುಹಾಕುತ್ತದೆ, ಕರಿಗೂ ಕಬ್ಬಿಣದ ರುಚಿ ಬರುತ್ತದೆ. ಕಾವಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ಪೇಪರ್ ಸುತ್ತಿ ಒಲೆಯ ಹತ್ತಿರ ಇಟ್ಟಿದ್ದೇನೆ.