ಮೊಬೈಲ್ ರೇಡಿಯೇಷನ್, ಕಿವಿಯಲ್ಲಿ ಗುಂಯ್ ಸದ್ದು: ಅನುಭವ ಇದ್ದವರು ಹೇಳಿ

ಠಾಣೆ ಗೃಹಿಣಿ:
ನಮ್ಮವರು ಮಾರ್ಕೆಟಿಂಗ್ ಕೆಲಸದಲ್ಲಿದ್ದಾರೆ. ಇಡೀ ದಿನ ಫೋನು ಬಲಗಿವಿಗೇ. ಹೋದ ವಾರದಿಂದ ಆ ಕಿವಿಯಲ್ಲಿ ಗುಂಯ್ ಸದ್ದು, ಕೇಳಿಸುವುದೂ ಕಡಿಮೆ. ರೇಡಿಯೇಷನ್‌ನಿಂದ ಕಿವಿ, ಮೆದುಳಿಗೆ ತೊಂದರೆ ಆಗುತ್ತಾ? ರೇಡಿಯೇಷನ್ ತಡೆಯುತ್ತೆ ಅಂತ ಫೋನಿಗೆ ಅಂಟಿಸುವ ಚಿಪ್ ತಗೊಳ್ಳಲಾ?

ಡೊಂಬಿವಲಿ ಅಕ್ಕ:
ಚಿಪ್ ಬಿಡಿ, ಮೊದಲು ಟವರ್ ನೋಡಿ. ನಮ್ಮ ಸೊಸೈಟಿ ಟೆರೇಸ್ ಮೇಲೆ ಟವರ್ ಬಂದಾಗಿನಿಂದ ನನಗೆ ನಿದ್ದೆ ಇಲ್ಲ. ಬಾಡಿಗೆ ಕಮಿಟಿಗೆ, ತಲೆನೋವು ಕೊನೆ ಮಹಡಿಯ ನನಗೆ. ರೇಡಿಯೇಷನ್ ತಡೆಯುವ ಪರದೆಗೆ 18,500 ರೂಪಾಯಿ. ಕಿಟಕಿ ಫಿಲ್ಮ್‌ಗೆ 7,200, ಅಂಟಿಸಿದವನಿಗೆ 1,500. ಮೊದಲ ಮಳೆಗೇ ಫಿಲ್ಮ್ ಗುಳ್ಳೆ ಎದ್ದಿತು. ಕೊನೆಗೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ದುಡ್ಡು ಕಟ್ಟಿ ಅಳತೆ ಮಾಡಿಸಿದೆ. ಮಿತಿಯೊಳಗಿದೆ ಅಂತ ಕಾಗದ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ 2011ರಲ್ಲಿ ಮೊಬೈಲ್, ಟವರ್ ಬಿಡುವ ತರಂಗಗಳನ್ನು 2ಬಿ ಪಟ್ಟಿಗೆ ಹಾಕಿದೆ. ಕ್ಯಾನ್ಸರ್ ತರಬಹುದು ಅಂತ. ಸುಮ್ನೆ ಹಾಕ್ತಾರಾ?

ಪುಣೆ ಟೆಲಿಕಾಂ:
ಅಕ್ಕ, 2ಬಿ ಅಂದರೆ ಗುಮಾನಿ ಇದೆ, ಪುರಾವೆ ಗಟ್ಟಿಯಿಲ್ಲ ಅಂತ. ಅದೇ ಸಂಸ್ಥೆ ಮಾಡಿಸಿದ ಪರಿಶೀಲನೆ 2024ರಲ್ಲಿ ಬಂತು. ಮೊಬೈಲ್‌ಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ನಾನು ಟವರ್ ಹತ್ತಿ ದುಡಿದವನು. ನಮ್ಮ ದೇಶದಲ್ಲಿ ಟವರ್ ರೇಡಿಯೇಷನ್ ಮಿತಿಯನ್ನು 2012ರಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರು. ಹಾಗಿದ್ದೂ ಒಂದು ಸೊಸೈಟಿಯವರು ನಾವು ಮೇಲಿರುವಾಗಲೇ ಟೆರೇಸ್ ಬಾಗಿಲಿಗೆ ಬೀಗ ಹಾಕಿದ್ದರು. ಟವರ್ ದೂರವಾದಷ್ಟೂ ಫೋನೇ ಜಾಸ್ತಿ ಪವರ್ ಬಿಡುತ್ತದೆ, ಅದೂ ಕಿವಿಯ ಪಕ್ಕದಲ್ಲಿ. ಚಿಪ್ ನಿಜವಾಗಿ ತಡೆದರೂ ಅದೇ ಕಥೆ, ಸಿಗ್ನಲ್ ಹಿಡಿಯಲು ಫೋನು ಜಾಸ್ತಿ ಪವರ್ ಬಿಡುತ್ತದೆ. ತಡೆಯದಿದ್ದರೆ ದುಡ್ಡು ದಂಡ.

ಡೊಂಬಿವಲಿ ಅಕ್ಕ:
ಸಂಬಳ ಕೊಟ್ಟವರ ಪರ ಮಾತಾಡಲೇಬೇಕಲ್ವಾ. ನನ್ನ ಬೆಡ್‌ರೂಮಲ್ಲಿ ಒಂದು ವಾರ ಮಲಗಿ, ಆಮೇಲೆ ಲೆಕ್ಕ ಹೇಳಿ.

ಘಾಟ್ಕೋಪರ್ ಹೋಟೆಲ್:
ಇಬ್ಬರೂ ಟವರ್ ಬಿಡಿ ಮಾರಾಯ್ರೆ. ನನ್ನ ಕಿವಿ ಹೋಗಿದ್ದು ಸದ್ದಿನಿಂದ. ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್, ಮತ್ತೆ ಲೋಕಲ್ ಟ್ರೈನ್ ಗದ್ದಲ ಮೀರಿಸಲು ಇಯರ್‌ಫೋನ್ ಫುಲ್ ವಾಲ್ಯೂಮ್. ಕಿವಿ ಪರೀಕ್ಷೆಯ ಗ್ರಾಫ್ ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಕುಸಿದಿತ್ತು. ಸದ್ದಿನ ಪೆಟ್ಟಿಗೆ ಅದೇ ಗುರುತು ಅಂದರು. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಒಂದು ಅಂಗಡಿಯವನು ಎರಡು ಕಿವಿ ಮಷೀನಿಗೆ 1,35,000 ತಗೊಂಡ. ಮಳೆಗಾಲದಲ್ಲಿ ಒಂದು ಸತ್ತಿತು, ರಿಪೇರಿ 6,500. ವಾರಂಟಿ ಕೇಳಿದರೆ ತೇವಕ್ಕೆ ಇಲ್ಲ ಅಂದ. ಮುಂಬೈ ಮಳೆಯಲ್ಲಿ ತೇವ ಇಲ್ಲದೆ ಇರುತ್ತಾ? ಬಾಂದ್ರಾದಲ್ಲಿ ಮಾತು-ಕಿವಿ ತೊಂದರೆಗೆ ಅಂತಲೇ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. ಪರೀಕ್ಷೆ ಅಲ್ಲಿ ಮಾಡಿಸಿ.

ವಾಸ್ಕೊ ಭಾವ:
ಒಂದೇ ಕಿವಿ, ಒಂದೇ ವಾರದಲ್ಲಿ ಮಂದ ಆಗಿದೆ ಅಂತ ಆ ತಂಗಿ ಬರೆದಿದ್ದಾರೆ. ಯಾರೂ ಓದಲಿಲ್ವಾ? ನನ್ನ ತಮ್ಮನಿಗೂ ಹೀಗೇ ಆಯಿತು. ಮೊಬೈಲ್ ಶಾಖ, ದೂರ ಇಟ್ಟರೆ ಸರಿಹೋಗುತ್ತೆ ಅಂತ ಮನೆಯ ಹಿರಿಯರು ಹಟ ಹಿಡಿದರು. ಇಎನ್‌ಟಿ ಹತ್ತಿರ ಹೋಗುವಷ್ಟರಲ್ಲಿ ತಿಂಗಳು ಕಳೆದಿತ್ತು. ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾಗಬೇಕು. ಆಮೇಲೆ ಉಪಯೋಗ ಕಡಿಮೆ. ಇಂಜೆಕ್ಷನ್ 9,000, ನರದ ಗಡ್ಡೆ ಇದೆಯಾ ಅಂತ ಎಂಆರ್‌ಐ 7,800, ಮಡಗಾಂವ್‌ಗೆ ಟ್ಯಾಕ್ಸಿ ಬೇರೆ. ಗಡ್ಡೆ ಇರಲಿಲ್ಲ. ಕಿವಿಯೂ ವಾಪಸ್ ಬರಲಿಲ್ಲ. ತಂಗಿ, ನಾಳೆಯೇ ಕರೆದುಕೊಂಡು ಹೋಗಿ.

ಪುಣೆ ಟೆಲಿಕಾಂ:
ಭಾವ ಹೇಳಿದ್ದು ಸರಿ. ಹೋಟೆಲ್ ಅಣ್ಣ, ಬಾಂದ್ರಾ ಗೊತ್ತಿದ್ದೂ 1,35,000 ಯಾಕೆ ಕೊಟ್ಟಿರಿ?

ಘಾಟ್ಕೋಪರ್ ಹೋಟೆಲ್:
ಗೊತ್ತಾಗಿದ್ದೇ ಆಮೇಲೆ. ಗಲ್ಲಾ ಬಿಟ್ಟು ಅಲ್ಲಿ ಕ್ಯೂನಲ್ಲಿ ನಿಂತರೆ ಹೋಟೆಲ್ ನೀವು ನೋಡ್ತೀರಾ?

ಡೊಂಬಿವಲಿ ಅಕ್ಕ:
ಆ ಸೊಸೈಟಿಯವರು ಟೆರೇಸಿಗೆ ಬೀಗ ಹಾಕಿದ್ದು ಸರಿಯೇ. ನಮ್ಮ ಕಮಿಟಿ ಮೀಟಿಂಗ್ ಭಾನುವಾರ ಇದೆ, ಬಾಡಿಗೆ ಲೆಕ್ಕ ಕೇಳಿಯೇ ಕೇಳುತ್ತೇನೆ.