ಹಳೇ ಮರದ ಜಿಗ್ಸಾ ಪಜಲ್ (ತುಂಡು ಜೋಡಿಸಿ ಚಿತ್ರ ಮಾಡೋ ಆಟ): ಎರಡು ಪೀಸ್ ಇಲ್ಲ, ಒಂದು ಜಾಸ್ತಿ ಇದೆ. ನೀವೇನು ಮಾಡಿದಿರಿ?

ಬರ್ಮಿಂಗ್‌ಹ್ಯಾಮ್ ಹೊಸಬ: ಚಾರಿಟಿ ಶಾಪ್‌ನಲ್ಲಿ (ಜನ ದಾನ ಕೊಟ್ಟ ಹಳೇ ಸಾಮಾನು ಮಾರೋ ಅಂಗಡಿ) 22 ಪೌಂಡಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪಜಲ್ ಸಿಕ್ಕಿತು. ಚಾಡ್ ವ್ಯಾಲಿ ಕಂಪನಿಯದು, ಕೇರ್ಫಿಲ್ಲಿ ಕ್ಯಾಸಲ್ ಅನ್ನೋ ರೈಲು ಎಂಜಿನ್ ಚಿತ್ರ. ಜೋಡಿಸಿ ನೋಡಿದರೆ ಆಕಾಶದಲ್ಲಿ ಒಂದು, ಚಕ್ರದ ಹತ್ತಿರ ಒಂದು ಪೀಸ್ ಇಲ್ಲ. ಎಲ್ಲೂ ಕೂರದ ಹಸಿರು ಪೀಸ್ ಒಂದು ಉಳಿದಿದೆ. ಹೊಸದಾಗಿ ಮಾಡಿಸಲಾ, ಹಾಗೇ ಬಿಡಲಾ?

ಲೀಡ್ಸ್ ಅಕ್ಕ: ಮಾಡಿಸಬೇಡಿ. ನಾನು ಕೈ ಸುಟ್ಟುಕೊಂಡಿದ್ದೇನೆ. ಪಜಲ್‌ಗೆ ಕೊಟ್ಟಿದ್ದು 18 ಪೌಂಡ್. ಮೂರು ಪೀಸ್‌ಗೆ ತಲಾ 12, ಅಂದರೆ 36. ಕಳಿಸೋಕೆ 4.80, ತರಿಸೋಕೆ 4.80. ಬಂದ ಪೀಸ್‌ಗಳು ಹಾಲಿನ ಹಾಗೆ ಬಿಳಿ. ಹಳೇ ಕಾಗದ ಹಳದಿ ತಿರುಗಿರುತ್ತೆ ಅಲ್ವಾ? ಮತ್ತೆ ಕಳಿಸಿದೆ. ಪ್ರಿಂಟ್‌ಗೆ 6, ಅಂಚೆಗೆ 9.60. ಒಟ್ಟು 61.20! ಈಗಲೂ ಮೋಡದ ಮಧ್ಯೆ ಆ ಮೂರೇ ಕಣ್ಣಿಗೆ ಹೊಡೆಯುತ್ತವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಸ್ವಿಂಡನ್: ಅಕ್ಕಾ, ನಿಮಗೆ ಮಾಡಿಕೊಟ್ಟವರಿಗೆ ಕೆಲಸ ಗೊತ್ತಿರಲಿಲ್ಲ, ಅಷ್ಟೆ. ನಾನು ಏಳು ಪಜಲ್‌ಗೆ ಕೈಯಾರೆ ಪೀಸ್ ಮಾಡಿದ್ದೇನೆ. ಖಾಲಿ ಜಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಚು ಮೂಡುತ್ತೆ. ಪ್ಲೈವುಡ್ ದಪ್ಪ ಅಳೆಯಲೇಬೇಕು. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಬೆರಳಿಗೆ ತಡೆಯುತ್ತೆ. ಕಾಗದಕ್ಕೆ ಮೊದಲು ಟೀ ಡಿಕಾಕ್ಷನ್ ಸವರಿ, ಒಣಗಿಸಿ, ಆಮೇಲೆ ಪ್ರಿಂಟ್ ಹಾಕಬೇಕು. ಉಲ್ಟಾ ಮಾಡಿದರೆ ಇಂಕ್ ಕದಡುತ್ತೆ, ನನಗೇ ಎರಡು ಸಲ ಆಗಿದೆ. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗಲ್ಲ.

ಕೊವೆಂಟ್ರಿ: ‘ಗೊತ್ತಾಗಲ್ಲ’ ಅನ್ನೋದೇ ತೊಂದರೆ. ಅಂಥದ್ದನ್ನೇ ಪೂರ್ತಿ ಇದೆ ಅಂತ ಹೇಳಿ ನನಗೆ 70 ಪೌಂಡಿಗೆ ಮಾರಿದರು. ಹಿಂದೆ ತಿರುಗಿಸಿದರೆ ಎಲ್ಲ ಪೀಸ್‌ಗಳಲ್ಲೂ ಮರದ ಎಳೆ ಉದ್ದಕ್ಕೆ, ಒಂದರಲ್ಲಿ ಮಾತ್ರ ಅಡ್ಡಕ್ಕೆ.

ಸ್ವಿಂಡನ್: ನಾನು ಪ್ರತಿ ಪೀಸ್ ಹಿಂದೆ ಪೆನ್ಸಿಲ್‌ನಲ್ಲಿ ವರ್ಷ ಬರೆಯುತ್ತೇನೆ. ಕಳ್ಳರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಕೊವೆಂಟ್ರಿ: ಪೆನ್ಸಿಲ್ ಅಳಿಸೋಕೆ ಎಷ್ಟು ಹೊತ್ತು ಬೇಕು ಸರ್?

ಬ್ರಿಸ್ಟಲ್ ಅಮ್ಮ: ಜಗಳ ಆಮೇಲೆ ಆಡಿ. ಮಗಾ, ಆ ಹಸಿರು ಪೀಸ್ ಎಸೀಬೇಡ. ಒಂದೇ ಮನೆಯ ಪಜಲ್‌ಗಳು ಒಂದೇ ಟೇಬಲ್ ಮೇಲೆ ಬಿದ್ದಿರುತ್ತವೆ, ಪೀಸ್‌ಗಳು ಅದಲು ಬದಲಾಗುತ್ತವೆ. ನಾನು 2013ರಿಂದ ಅಂಥವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತೇನೆ, ಎಲ್ಲಿ ಸಿಕ್ಕಿತು ಅಂತ ಒಂದೊಂದಕ್ಕೂ ಚೀಟಿ ಕಟ್ಟಿ. ಕುದುರೆ ಕಿವಿಯ ಪೀಸ್ ಒಂದಿತ್ತು. ಆರು ವರ್ಷದ ಮೇಲೆ ಅದರ ಕುದುರೆ ಸಿಕ್ಕಿತು. ಕೂರಿಸುವಾಗ ಕೈ ನಡುಗುತ್ತಿತ್ತು.

ಲೀಡ್ಸ್ ಅಕ್ಕ: ಎಲ್ಲರಿಗೂ ಆ ಅದೃಷ್ಟ ಇರಲ್ಲ ಅಮ್ಮ. ನನ್ನ ಹತ್ತಿರ ಅಂಥ 140 ಬಿಡಿ ಪೀಸ್ ಇವೆ. ಒಂದೂ ಎಲ್ಲೂ ಕೂತಿಲ್ಲ.

ನ್ಯೂಜೆರ್ಸಿ: ನನ್ನದು ರಟ್ಟಿನ ಸಂಗ್ರಹ. 1932-33ರಲ್ಲಿ ಇಲ್ಲಿ ಅಮೆರಿಕದಲ್ಲಿ ವಾರಕ್ಕೊಂದು ಹೊಸ ಪಜಲ್ 25 ಸೆಂಟಿಗೆ ಸಿಗುತ್ತಿತ್ತು. ಒಂದೇ ಅಚ್ಚಿನಲ್ಲಿ ಬೇರೆ ಬೇರೆ ಚಿತ್ರ ಕತ್ತರಿಸುತ್ತಿದ್ದರು. ಹಾಗಾಗಿ ಬೇರೆ ಪಜಲ್‌ನ ಪೀಸ್ ಕೂಡ ಸರಿಯಾಗಿ ಕೂರುತ್ತೆ, ಚಿತ್ರ ಮಾತ್ರ ಬೇರೆ. ಸಮುದ್ರದ ಮಧ್ಯೆ ಹೆಂಚಿನ ತುಂಡು ಬಂದಿತ್ತು ನನಗೆ.

ಸ್ವಿಂಡನ್: ಇಲ್ಲಿ ಕೇಳಿದ್ದು ಮರದ ಬಗ್ಗೆ.

ನ್ಯೂಜೆರ್ಸಿ: ರಟ್ಟು ಅಂದ್ರೆ ಕಸವಾ? ಬಡವರ ಮನೆಗೂ ಪಜಲ್ ಹೋಗಿದ್ದು ರಟ್ಟಿನಿಂದಲೇ.

ಬರ್ಮಿಂಗ್‌ಹ್ಯಾಮ್ ಹೊಸಬ: ಅಮ್ಮಾ, ನೀವು ಹೇಳಿದ ಕೂಡಲೇ ಅಂಗಡಿಗೆ ಹೋದೆ. ಅದೇ ಮನೆಯಿಂದ ಇನ್ನೊಂದು ಡಬ್ಬಿ ಬಂದಿತ್ತಂತೆ. ಶನಿವಾರ ಮಾರಾಟ ಆಗಿದೆ.

ಬ್ರಿಸ್ಟಲ್ ಅಮ್ಮ: ಅಯ್ಯೋ! ನಿನ್ನ ಫೋನ್ ನಂಬರ್ ಚೀಟಿಯಲ್ಲಿ ಬರೆದು ಕೌಂಟರ್‌ನಲ್ಲಿ ಕೊಟ್ಟು ಬಂದ್ಯಾ?